ಉಣ್ಣೆ ಕತ್ತರಿಸುವ ಮುಂಚಿನ ಎಣಿಕೆ

ಬುರ್ಮಕಾನ್ ಎಜೆಯನ್ನು ನಾನು ಮೊದಲು ನೋಡಿದ್ದು ಸಂಖ್ಯಾಶಾಸ್ತ್ರದ ಮೌಖಿಕ ಪರೀಕ್ಷೆಯಲ್ಲಿ. ಅವರೇ ಪರೀಕ್ಷಕಿ; ಎಜೆ ಅಂದರೆ ನಮ್ಮಲ್ಲಿ ಅಕ್ಕ, ಮೇಡಂ ಅನ್ನೂ ಹಾಗೇ ಕರೆಯುತ್ತೇವೆ. ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಪ್ರಶ್ನೆ ಚೀಟಿಗಳನ್ನು ಬೋರಲಾಗಿ ಹರಡಿದ್ದರು. ನಾನು ತೊಟ್ಟಿದ್ದ ಅಪ್ಪನ ಕೋಟಿನಲ್ಲಿ ಕೊಟ್ಟಿಗೆಯ ವಾಸನೆಯಿತ್ತು. ಹದಿನೇಳನೆಯ ಚೀಟಿ ಎತ್ತಿದೆ. ಅವರು ಅದನ್ನು ನೋಡಲೇ ಇಲ್ಲ. ಎದ್ದು ಹೋಗಿ ಕಿಟಕಿ ತೆರೆದು ಬಂದರು.

"ಯಾವೂರೋ?"

"ಕೊಕ್-ಬುಲಾಕ್, ಎಜೆ."

"ಓ, ಕುರಿಯೋರು. ನಿಮ್ಮಪ್ಪಂಗೆ ಎಷ್ಟು ಕುರಿ?"

ಸಂಖ್ಯೆ ಬಾಯಿಬಿಟ್ಟರೆ ಮಂದೆಗೆ ಕೇಡು ಎಂದು ನಂಬುವ ಕಿರ್ಗಿಜ್ ಮನೆಯವನು ನಾನು. "ಅದನ್ನ ನಮ್ಮಲ್ಲಿ ಕೇಳಲ್ಲ, ಎಜೆ."

"ಎಣಿಸೋಕೆ ಹೆದರೋನು ಇಲ್ಲಿಗ್ಯಾಕೆ ಬಂದೆ? ಹೋಗಿ ಹಿಕ್ಕೆ ಗುಡಿಸು."

ಐದಕ್ಕೆ ಎರಡು ಹಾಕಿ ನಪಾಸು ಮಾಡಿದರು. ಮರುಪರೀಕ್ಷೆಯಲ್ಲಿ ಪಾಸಾದೆ, ಆದರೆ ಸಿಟ್ಟು ಹೋಗಲಿಲ್ಲ.

ಹನ್ನೊಂದು ವರ್ಷ ಪಾಠ ಮಾಡಿದ್ದ ಅವರು ಡಾಕ್ಟರೇಟಿಗೆ ಆರಿಸಿಕೊಂಡಿದ್ದು ನಮ್ಮೂರಿನ ಕುರಿಗಳನ್ನೇ. ಯಾರೂ ಲೆಕ್ಕ ಹೇಳುವುದಿಲ್ಲವಲ್ಲ, ಅದಕ್ಕೆ ಜೂನ್ ಮೊದಲ ವಾರ ಇನ್ನೂರು ಕುರಿಗಳ ಬೆನ್ನಿಗೆ ಕೆಂಪು ಬಣ್ಣ ಬಳಿದರು. ತಿಂಗಳ ನಂತರ ಇನ್ನೂರು ಕುರಿ ಹಿಡಿದು ನೋಡಿದರೆ ಬಣ್ಣದವು ಬರೀ ಎಂಟು. ಅಂದರೆ ಇಪ್ಪತ್ತೈದಕ್ಕೊಂದು; ಹಾಗಾದರೆ ಬಣ್ಣ ಬಳಿದ ಇನ್ನೂರಕ್ಕೆ ಒಟ್ಟು ಐದು ಸಾವಿರ ಎಂದು ಲೆಕ್ಕ ಹಾಕಿದರು. ಇಷ್ಟು ಕುರಿ ಮೇದರೆ ನೆಲ ಬರಡಾಗುತ್ತದೆ, ಬೇಸಿಗೆಯ ಹುಲ್ಲುಗಾವಲನ್ನು ಮೂರು ವರ್ಷ ಮುಚ್ಚಬೇಕು ಎಂದು ಪ್ರಬಂಧದಲ್ಲಿ ಬರೆದರು. ಡಾಕ್ಟರೇಟ್ ಸಿಕ್ಕ ದಿನವೇ ಮುಚ್ಚಲು ಜಿಲ್ಲಾ ಕಚೇರಿ ಕಾದಿತ್ತು. ಮುಚ್ಚಿದ್ದರೆ ನಮ್ಮೂರು ಮಂದೆಯನ್ನೇ ಮಾರಬೇಕಿತ್ತು.

ಅವರು ಪ್ರಬಂಧ ಮಂಡಿಸಿದ ಬಹಿರಂಗ ಸಭೆಯಲ್ಲಿ ಎದ್ದು ನಿಂತೆ. "ಎರಡನೇ ಸಲ ನೀವೇ ಹೋಗಿದ್ರಾ, ಎಜೆ?"

"ವಿದ್ಯಾರ್ಥಿಗಳನ್ನ ಕಳಿಸಿದ್ದೆ. ಏನೀಗ?"

"ಜೂನ್ ನಡುವೆ ನಾವು ಉಣ್ಣೆ ಕತ್ತರಿಸ್ತೀವಿ. ನಿಮ್ಮ ಬಣ್ಣ ಉಣ್ಣೆ ಜೊತೆ ಚೀಲ ಸೇರಿತ್ತು. ಆ ಎಂಟು ಕತ್ತರಿಗೆ ಸಿಗದೇ ಉಳಿದವು."

ಯಾರೋ ಕಿಸಕ್ಕೆಂದರು. ಅವರ ಕತ್ತು ಕೆಂಪೇರಿತು. "ಸರಿ, ಕುರಿಯವನೇ. ನಿಜವಾದ ಲೆಕ್ಕ ನೀನೇ ಹೇಳು. ಇಲ್ಲಾಂದ್ರೆ ಕೂತ್ಕೋ."

ಊರ ಮಂದೆ ಕಾಯುವಾಗ ಮನಸ್ಸಿನಲ್ಲೇ ಎಣಿಸಿದ್ದನ್ನು ಮೊದಲ ಸಲ ಬಾಯಿಬಿಟ್ಟೆ. "ನಮ್ಮಪ್ಪಂದು ನೂರಾ ಹದಿನೆಂಟು. ಇಡೀ ಊರಿಂದು ಸಾವಿರದ ಇನ್ನೂರು."

ಅವರು ಕಾಗದದ ಮೇಲೆ ಏನೋ ಗೀಚಿ, ಕೂಡಿ, ಪ್ರಬಂಧವನ್ನು ಹಿಂದಕ್ಕೆಳೆದುಕೊಂಡರು. ಹೊರಗೆ ಹೋಗುವಾಗ, "ನಿನ್ನ ಮುಖ ತೋರಿಸ್ಬೇಡ," ಎಂದರು. ಚಳಿಗಾಲದಲ್ಲಿ ತೋಳ ನುಗ್ಗಿ ನಮ್ಮ ಒಂಬತ್ತು ಕುರಿ ಕೊಂದಾಗ ಅಪ್ಪನೂ ಅದನ್ನೇ ಅಂದ.

ಹುಲ್ಲುಗಾವಲು ತೆರೆದೇ ಇದೆ. ಬುರ್ಮಕಾನ್ ಎಜೆ ಡಾಕ್ಟರೇಟ್ ಇಲ್ಲದೆ ಮೊದಲ ವರ್ಷದವರಿಗೆ ಸರಾಸರಿ ಲೆಕ್ಕ ಕಲಿಸುತ್ತಾರೆ. ಪ್ರತಿ ವರ್ಷ ಉಣ್ಣೆ ಕತ್ತರಿಸುವ ಮುಂಚೆ ನಮ್ಮೂರ ಗುಡ್ಡ ಹತ್ತಿ, ಯಾರನ್ನೂ ಕೇಳದೆ ಒಬ್ಬರೇ ಕುರಿ ಎಣಿಸುತ್ತಾರೆ.