ಬಣವೆಯ ಬಾಣಂತಿ

ಚೊಚ್ಚಲ ಬಾಣಂತನಕ್ಕೆ ನಾನು ಮಾಳಮಡ್ಡಿಯ ತವರುಮನೆಯಲ್ಲಿದ್ದೆ. ಊರಲ್ಲಿ ಬ್ರಿಟಿಷರ ಸರ್ಕಾರವಿದ್ದ ಕಾಲ. ನಮ್ಮ ಮನೆಯಲ್ಲಿ ಮಾತ್ರ ಅವ್ವನದೇ ಸರ್ಕಾರ. ಬಾಣಂತಿಗೆ ಗಾಳಿ ತಾಗಬಾರದೆಂದು ನನ್ನ ಕೋಣೆಯ ಕಿಟಕಿಗೆ ಗೋಣಿತಟ್ಟು ಹೊಡೆಸಿದ್ದಳು. ಒಳಗೆ ಕೆಂಡದ ಶೆಕೆ, ಲೋಬಾನದ ಹೊಗೆ. ಅಪ್ಪ ದಿನವೂ ಸಂಜೆ ಹೊಸ್ತಿಲಾಚೆ ನಿಂತು, ನನ್ನ ಆರೋಗ್ಯವನ್ನು ಅವ್ವನ ಹತ್ತಿರ ವಿಚಾರಿಸಿ ಹೋಗುತ್ತಿದ್ದರು. ಗೋಣಿತಟ್ಟಿನಲ್ಲಿ ಒಂದು ಹರಕು ಇರದಿದ್ದರೆ ನನಗೆ ಹುಚ್ಚೇ ಹಿಡಿಯುತ್ತಿತ್ತು. ಅದರಿಂದ ಹಿತ್ತಲಿನ ಹುಲ್ಲಿನ ಬಣವೆ ಕಾಣುತ್ತಿತ್ತು.

ಒಂದು ಬೆಳಗ್ಗೆ ಆಕಳಿಗೆ ಹುಲ್ಲು ಹಿರಿಯಲು ಹೋದ ಅಪ್ಪ ಬರಿಗೈಯಲ್ಲಿ ಓಡಿಬಂದರು. ಬಣವೆಯ ಬುಡದಲ್ಲಿ ಎರಡು ಮರಿ, ಮೈತುಂಬ ಚುಕ್ಕೆ. ಚಿರತೆಯವೇ ಸೈ ಎಂದರು. ಓಣಿಯೆಲ್ಲ ಕದ ಹಾಕಿಕೊಂಡಿತು. ಮನೆಯಲ್ಲಿ ಹಸುಗೂಸಿದೆ, ತಾಯಿ ಚಿರತೆ ಬಂದೇ ಬರುತ್ತದೆ ಎಂದು ಅಪ್ಪ ನೆರೆಮನೆಯ ಕಾಕಾನನ್ನು ಬಂದೂಕಿನ ಸಮೇತ ಕರೆತಂದರು. ಮೊದಲು ತಾಯಿಯನ್ನು, ಆಮೇಲೆ ಮರಿಗಳನ್ನು ಹೊಡೆಯುವುದೆಂದು ಮಾತಾಯಿತು. ಬೇಗ ಮುಗಿಸಲಿ ಎಂದು ನಾನೂ ಮಗಳನ್ನು ಅವಚಿಕೊಂಡು ಕೂತೆ.

ಹೊತ್ತು ಇಳಿಯುವಾಗ ಆ ಭಯಂಕರ ತಾಯಿ ಬಂತು, ಬಾಯಲ್ಲಿ ಒಂದು ಇಲಿ. ನಮ್ಮ ಅಡುಗೆಮನೆಯ ಬೆಕ್ಕಿನ ಅರ್ಧದಷ್ಟಿತ್ತು. ಬೂದು ಮೈ, ತುಕ್ಕಿನ ಬಣ್ಣದ ಚುಕ್ಕೆಗಳು, ಹಣೆಯ ಮೇಲೆ ಬಿಳಿ ಗೆರೆ. ಕಾಡಿನ ಬೆಕ್ಕು, ಅಷ್ಟೇ. ಕಾಕಾ ಎತ್ತಿದ ಬಂದೂಕನ್ನು ಏನು ಮಾಡುವುದೆಂದು ತೋಚದೆ ಕೆಮ್ಮಿದರು. ಆ ಕೆಮ್ಮಿಗೇ ಅದು ಇಲಿ ಬಿಟ್ಟು ಮಾಯವಾಯಿತು. ನನ್ನ ಹೊಟ್ಟೆಗೆ ಕಟ್ಟಿದ್ದ ಬಟ್ಟೆ ಸಡಿಲಾಗುವಷ್ಟು ನಕ್ಕೆ.

ಅಪ್ಪನಿಗೆ ಇನ್ನೂ ಸಮಾಧಾನವಿಲ್ಲ. ಬೆಕ್ಕಾದರೂ ಕಾಡಿನದು, ಮರಿಗಳನ್ನು ಬುಟ್ಟಿಯಲ್ಲಿ ಹಾಕಿ ಕೆರೆಯಾಚೆ ಬಿಟ್ಟುಬರುತ್ತೇನೆ ಎಂದು ಹೊರಟರು. ಹಾಲು ಬಿಡದ ಮರಿಗಳು, ಬಿಟ್ಟಲ್ಲೇ ಸಾಯುತ್ತಿದ್ದವು. ಅವ್ವ ಬಣವೆಗೆ ಅಡ್ಡ ನಿಂತಳು.

"ಆಕೀನೂ ಬಾಣಂತೀನ ಇದ್ದಾಳ್ರಿ. ಬಾಣಂತಿ ಖೋಲ್ಯಾಗ ಗಂಡಸರು ಕಾಲಿಡಬಾರದು."

ಸ್ವಂತ ಮಗಳ ಹೊಸ್ತಿಲನ್ನೇ ದಾಟದ ಅಪ್ಪ ಏನು ವಾದಿಸಿಯಾರು? ಅಂದಿನಿಂದ ಬಣವೆಗೂ ನನ್ನ ಕೋಣೆಯದೇ ಕಟ್ಟಳೆ. ಆ ಬದಿಯ ಹುಲ್ಲು ಹಿರಿಯುವಂತಿಲ್ಲ, ಹಿತ್ತಲಲ್ಲಿ ಬಟ್ಟೆ ಒಗೆಯುವ ಸದ್ದು ಕೂಡದು. ನನ್ನ ಕೋಣೆಯ ಬಾಗಿಲಿಗೆ ಸಿಕ್ಕಿಸಿದಂತೆ ಹಿತ್ತಲ ಬಾಗಿಲಿಗೂ ಅವ್ವ ಬೇವಿನ ಸೊಪ್ಪು ಸಿಕ್ಕಿಸಿದಳು.

ಆದರೆ ಬೆದರಿ ಹೋದ ತಾಯಿ ಬರಲೇ ಇಲ್ಲ. ಬೆಳಗಾದರೂ ಸುಳಿವಿಲ್ಲ. ಮರಿಗಳು ಅಳತೊಡಗಿದವು. ಆ ದನಿ ಕೇಳಿದಾಗಲೆಲ್ಲ, ಮಗಳು ನಿದ್ದೆಯಲ್ಲಿದ್ದರೂ, ನನ್ನ ಎದೆಯಲ್ಲಿ ಹಾಲು ಇಳಿದು ಕುಪ್ಪಸ ತೊಯ್ಯುತ್ತಿತ್ತು. ಅರಳೆ ಅದ್ದಿ ಆಕಳ ಹಾಲನ್ನಾದರೂ ಹಾಕೋಣವೆಂದೆ. ಮನುಷ್ಯರು ಮುಟ್ಟಿದ ವಾಸನೆಗೆ ತಾಯಿ ಪೂರ್ತಿ ಬಿಟ್ಟೇ ಹೋಗುತ್ತಾಳೆಂದು ಅವ್ವ ಗದರಿದಳು. ಗದರಿದವಳೇ ಮತ್ತೆ ಮತ್ತೆ ಬಂದು ಹರಕಿನಲ್ಲಿ ಇಣುಕಿದಳು. ಮಧ್ಯಾಹ್ನಕ್ಕೆ ಒಂದು ಮರಿಯ ದನಿ ಕುಗ್ಗಿತು. ಕಾಕಾನ ಆ ಕೆಮ್ಮಿನ ಮೇಲೆ ನನಗೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಳು ಒಮ್ಮೆಲೇ ನಿಂತಿತು. ಸತ್ತವೇನೋ ಎಂದು ಹರಕಿಗೆ ಕಣ್ಣಿಟ್ಟೆ. ಹುಲ್ಲಿನ ಗೂಡಿನಲ್ಲಿ ತಾಯಿ ಅಡ್ಡಾಗಿದ್ದಳು. ಎರಡೂ ಮರಿಗಳು ಹೊಟ್ಟೆಗೆ ಅಂಟಿಕೊಂಡಿದ್ದವು. ಆಕೆ ಕಣ್ಣು ಮುಚ್ಚಿದ್ದಳು, ಮಗಳಿಗೆ ಕುಡಿಸುವಾಗ ನಾನು ಮುಚ್ಚುವ ಹಾಗೆ. ನನಗೆ ಹೋದ ಜೀವ ಬಂದಂತಾಯಿತು.

ಆಗಲೇ ಹೊಸ್ತಿಲಾಚೆ ಅಪ್ಪನ ಕಾಲಸಪ್ಪಳ. ಅವ್ವ ಅಡುಗೆಮನೆಯಲ್ಲಿದ್ದಳು. ಅವರು ಹೋಗಲಿಲ್ಲ; ಬಾಣಂತನ ಶುರುವಾದ ಮೇಲೆ ಮೊದಲ ಸಲ ನನ್ನನ್ನೇ ಕೇಳಿದರು.

"ಹಿತ್ತಲದಾಕಿ ಬಂದ್ಲೇನವಾ?"

"ಬಂದಾಳಪ್ಪಾ. ಎರಡಕ್ಕೂ ಕುಡಸಾಕತ್ತಾಳ."

ನೋಡಿದರೆ ಅಪ್ಪ ಹೊಸ್ತಿಲಿಗೆ ಬೆನ್ನು ಹಚ್ಚಿ ಕೂತುಬಿಟ್ಟಿದ್ದರು, ಧೋತರದ ಚುಂಗಿನಿಂದ ಮುಖ ಒರೆಸುತ್ತಿದ್ದರು.