ಹೊರಗೆ ಹೋದವನಿಗೊಂದು ಜಾಗ

ರಾಯದುರ್ಗದ ಸ್ಟೇಷನ್ನಿನಲ್ಲಿ ಬಳ್ಳಾರಿ ರೈಲಿಗೆ ಕಾಯುತ್ತಿದ್ದೆವು. ಹೆಂಡತಿ ತೀರಿಕೊಂಡ ಮೇಲೆ ಮಾತೇ ಬಿಟ್ಟಿದ್ದ ತಮ್ಮನನ್ನು ನೇಕಾರ ಈರಣ್ಣ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ನನ್ನ ಪಕ್ಕದ ಇಂಗ್ಲಿಷ್ ಎಂಜಿನಿಯರು ಆ ತಮ್ಮನನ್ನು ನೋಡಿ, ಇಂಗ್ಲಿಷಿನಲ್ಲಿ, “ಮನಸ್ಸು ಕಳೆದುಕೊಂಡಿದ್ದಾನೆ” ಎಂದ. ಜೊತೆಗಿದ್ದ ಜರ್ಮನ್ ಪಾದ್ರಿ, “ನಮ್ಮ ಭಾಷೆಯಲ್ಲಾದರೆ, ತನ್ನ ಬಳಿ ತಾನಿಲ್ಲ ಅನ್ನುತ್ತೇವೆ” ಎಂದರು.

“ಏನಂತಾರ್ರಿ ಸ್ವಾಮಿ?” ಈರಣ್ಣ ನನ್ನನ್ನು ಕೇಳಿದ. ಎಂಜಿನಿಯರನ ಮಾತನ್ನು ಕನ್ನಡದಲ್ಲಿ ಹೇಳಿದಾಗ ಅವನ ಮುಖ ಬಾಡಿತು. ಪಾದ್ರಿಯ ಮಾತನ್ನೂ ಹೇಳಿದೆ.

“ಹಂಗಂದ್ರ ಎಲ್ಲೋ ತಿರುಗಾಡಾಕ ಹೋಗ್ಯಾನ ಅನ್ರಿ” ಎಂದು, ಬಿಸಿಲಲ್ಲಿ ನೀರಿನಂತೆ ಅಲುಗುತ್ತಿದ್ದ ಹಳಿಗಳನ್ನೇ ನೋಡುತ್ತ ಕೂತ.

ರೈಲು ಬಂದಾಗ ತಮ್ಮನನ್ನು ಕಿಟಕಿಯ ಹತ್ತಿರ ಕೂರಿಸಿ, ಪಕ್ಕದ ಜಾಗಕ್ಕೆ ತನ್ನ ಹೆಗಲ ವಲ್ಲಿ ಹಾಸಿ, ತಾನು ನಿಂತೇ ಇದ್ದ.

“ಯಾರಿಗಪ್ಪಾ ಜಾಗ ಹಿಡಿದೀ?” ಎಂದಳು, ಬುಟ್ಟಿ ಹೊತ್ತ ಮುದುಕಿ.

“ನಮ್ಮ ತಮ್ಮಗ, ಯವ್ವಾ. ಬರ್ತಾನ.”