ಕರಡಿಗೆಂದು ತಂದ ಹಲಸು

ಖಾಲಿ ಬೋನಿನ ಮುಂದೆ ನಿಂತಿದ್ದ ಖಾನಾಪುರದ ಅಜ್ಜಿಯ ಕೆನ್ನೆಯಲ್ಲಿ ಉಗುರಿನ ಆಳವಾದ ಗುರುತಿತ್ತು. ಕಾಡಂಚಿನಲ್ಲಿ ತಮ್ಮ ಮೇಲೆರಗಿದ ಕರಡಿಯನ್ನು ಅರಣ್ಯ ಇಲಾಖೆಯವರು ಸೆರೆಹಿಡಿದು ಬೆಳಗಾವಿಯ ಮೃಗಾಲಯಕ್ಕೆ ತಂದಂದಿನಿಂದ, ಪ್ರತಿ ಬೇಸಿಗೆಯಲ್ಲೂ ಅವರು ಅದಕ್ಕೆಂದು ಹಲಸಿನ ತೊಳೆ ತಂದು ಪಾಲಕನ ಕೈಗೆ ಕೊಡುತ್ತಿದ್ದರಂತೆ.

“ಸಫಾರಿ ಆದಮ್ಯಾಲ ಕರಡೀನ ಅದರ ಬಯಲಿಗೆ ಬಿಡ್ತೀವಿ ಅಂತ ಸಾಹೇಬ್ರು ಹೇಳ್ಯಾರ ಅಂದಿದ್ಯಲ್ಲೋ ತಮ್ಮಾ, ಎಲ್ಲೈತಿ ಅದು?” ಎಂದು ಅವನನ್ನು ಕೇಳಿದರು.

ಪಾಲಕ ತಲೆ ತಗ್ಗಿಸಿದ. “ಸಫಾರಿ ಇನ್ನೂ ಕಾಗದದಾಗ ಐತಿ, ಆಯಿ. ಕರಡಿ ಹೋದ ತಿಂಗಳ ಸತ್ತಹೋತು.”

“ಅವತ್ತ ನಾ ಚೀರಿ ಮಂದಿ ಕೂಡಿಸಿದ್ದ ತಪ್ಪಾತು, ಇಲ್ಲಂದ್ರ ಅದನ್ನ ಹಿಡದು ಬೋನಿಗೆ ಹಾಕ್ತಿರಲಿಲ್ಲ” ಎಂದ ಅಜ್ಜಿ, ಹಲಸಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಳಿತರು.

ಗಾಯಗೊಂಡವರೇ ತಪ್ಪನ್ನೂ ಹೊತ್ತುಕೊಂಡು ಊರಿಗೆ ಮರಳಿದರು. ವರ್ಷಗಟ್ಟಲೆ ಬಯಲಿನ ಭರವಸೆ ಕೊಟ್ಟ ಅಧಿಕಾರಿಗಳಲ್ಲಿ ಒಬ್ಬರಾದರೂ ಆ ಅಜ್ಜಿಯ ಮುಂದೆ ಬಂದು ತಲೆ ತಗ್ಗಿಸಿಯಾರೇ?